ಬೆಳೆಯುವ ಸಿರಿ ಮೊಳಕೆಯಲ್ಲಿ ಕಂಡೀತೇ? - ಮಿನ್ನೆಸೋಟದ ಎರಡು ಟ್ರೇಡ್‌ಗಳು

ಒಬ್ಬನನ್ನು ಕೊಟ್ಟು ಐವರನ್ನು ತಗೊಂಡರು. ಐವರ ಜೊತೆ ಎರಡು ಡ್ರಾಫ್ಟ್ ಪಿಕ್ ಬೇರೆ! 2007ರ ಜುಲೈ 31ರಂದು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ನಡೆದ ವ್ಯಾಪಾರ ಇದು. ಮಿನ್ನೆಸೋಟ ಟಿಂಬರ್‌ವುಲ್ವ್ಸ್ ತಂಡ ತನ್ನ ಚರಿತ್ರೆಯಲ್ಲೇ ಅತಿ ದೊಡ್ಡ ಆಟಗಾರನಾದ ಕೆವಿನ್ ಗಾರ್ನೆಟ್‌ನನ್ನು ಬಾಸ್ಟನ್ ಸೆಲ್ಟಿಕ್ಸ್‌ಗೆ ಬಿಟ್ಟುಕೊಟ್ಟಿತು. ಅಲ್ಲಿವರೆಗೆ ಒಬ್ಬ ಆಟಗಾರನಿಗಾಗಿ ಯಾವ ತಂಡವೂ ಅಷ್ಟೊಂದು ಕೊಟ್ಟಿರಲಿಲ್ಲ. ಮುಂದಿನ ವರ್ಷವೇ ಬಾಸ್ಟನ್ ಚಾಂಪಿಯನ್ ಆಯಿತು. ಮಿನ್ನೆಸೋಟ 82 ಪಂದ್ಯಗಳಲ್ಲಿ 60 ಸೋತಿತು.

ಇದನ್ನು ಓದಿದವರೆಲ್ಲ "ಮಿನ್ನೆಸೋಟದವರು ಮೋಸ ಹೋದರು" ಅಂದುಬಿಡುತ್ತಾರೆ. ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ಈಗ ಹಾಗನ್ನಿಸೋದಿಲ್ಲ. ಏಳು ವರ್ಷದ ನಂತರ, 2014ರಲ್ಲಿ, ಅದೇ ತಂಡ ಅಂಥದ್ದೇ ಇನ್ನೊಂದು ವ್ಯಾಪಾರ ಮಾಡಿತು. ಆಗ ಎಲ್ಲರೂ ಶಹಬ್ಬಾಸ್ ಅಂದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಬೈಸಿಕೊಂಡ ವ್ಯಾಪಾರವೇ ವಾಸಿಯಾಗಿತ್ತೇನೋ ಅಂತ ನನ್ನ ಅನುಮಾನ. ಅದಕ್ಕೇ ಈ ಬರಹ.

ಬ್ಯಾಸ್ಕೆಟ್‌ಬಾಲ್ ಅಷ್ಟಾಗಿ ನೋಡದವರಿಗೆ ಎರಡು ಮಾತು. ಕಣದಲ್ಲಿ ಒಂದು ತಂಡದ ಐದು ಜನ ಇರುತ್ತಾರೆ. ಇಬ್ಬರು ಗಾರ್ಡ್, ಇಬ್ಬರು ಫಾರ್ವರ್ಡ್, ಒಬ್ಬ ಸೆಂಟರ್. ಫಾರ್ವರ್ಡ್‌ಗಳಲ್ಲೂ ಎರಡು ಜಾತಿ. ಸ್ವಲ್ಪ ಚುರುಕಾಗಿ, ಹೊರಗಿನಿಂದಲೂ ಆಡುವವನು ಸ್ಮಾಲ್ ಫಾರ್ವರ್ಡ್. ಬುಟ್ಟಿಯ ಹತ್ತಿರ ನಿಂತು ಗುದ್ದಾಡುವವನು ಪವರ್ ಫಾರ್ವರ್ಡ್. ಇನ್ನು ಡ್ರಾಫ್ಟ್ ಅಂದರೆ ಪ್ರತಿ ವರ್ಷ ಹೊಸ ಹುಡುಗರನ್ನು ತಂಡಗಳು ಸರದಿಯ ಮೇಲೆ ಆರಿಸಿಕೊಳ್ಳುವ ಪದ್ಧತಿ. ಸೋತ ತಂಡಗಳಿಗೆ ಮೇಲಿನ ಸರದಿ. ಮೊದಲ ಸುತ್ತಿನಲ್ಲಿ ಬಂದ ಹುಡುಗನ ಸಂಬಳ ನಾಲ್ಕು ವರ್ಷ ನಿಗದಿಯಾಗಿರುತ್ತದೆ. ಎಷ್ಟು ಚೆನ್ನಾಗಿ ಆಡಿದರೂ ಅಷ್ಟೇ. ಹೊಸದಾಗಿ ತಂಡ ಕಟ್ಟುವವರು ಹುಡುಗರ ಹಿಂದೆ ಬೀಳುವುದಕ್ಕೆ ಇದೇ ಮುಖ್ಯ ಕಾರಣ, ವಯಸ್ಸು ಆಮೇಲಿನ ಮಾತು. ಅಗ್ಗಕ್ಕೆ ಸಿಗುವ ನಾಲ್ಕು ವರ್ಷಗಳನ್ನು ಅವರು ಕೊಳ್ಳುತ್ತಾರೆ.

ಈಗ ಕತೆಗೆ ಬರೋಣ.

ಗಾರ್ನೆಟ್ 1995ರಲ್ಲಿ ಹೈಸ್ಕೂಲಿನಿಂದ ನೇರವಾಗಿ ಮಿನ್ನೆಸೋಟಕ್ಕೆ ಬಂದ ಹುಡುಗ, ಐದನೇ ಪಿಕ್. 1997ರಲ್ಲಿ ಅವನಿಗೆ ಆರು ವರ್ಷಕ್ಕೆ 12.6 ಕೋಟಿ ಡಾಲರ್ ಕೊಡಲು ಒಪ್ಪಿದರು. ಲೀಗಿನ ಮಾಲೀಕರೆಲ್ಲ ಹೌಹಾರಿದರು, ಮರುವರ್ಷದ ಲಾಕೌಟಿಗೆ ಅದೂ ಒಂದು ಕಾರಣ. 2004ರಲ್ಲಿ ಗಾರ್ನೆಟ್ ಲೀಗಿನ ಅತ್ಯುತ್ತಮ ಆಟಗಾರನಾದ, ತಂಡ ಪಶ್ಚಿಮ ವಿಭಾಗದ ಫೈನಲ್‌ವರೆಗೆ ಹೋಯಿತು. ಅಲ್ಲಿಂದ ಇಳಿಜಾರು. 2006-07ರಲ್ಲಿ 32 ಗೆಲುವು, 50 ಸೋಲು.

ಯಾಕೆ ಹೀಗಾಯಿತು? ಅವನ ಜೊತೆಗೆ ಹುಡುಗರೇ ಬರಲಿಲ್ಲ. ಜೋ ಸ್ಮಿತ್ ಎಂಬ ಫಾರ್ವರ್ಡ್‌ನೊಂದಿಗೆ ತಂಡ ಗುಟ್ಟಾಗಿ ಒಂದು ಒಪ್ಪಂದ ಮಾಡಿಕೊಂಡಿತ್ತು. ಈಗ ಕಡಿಮೆ ಸಂಬಳಕ್ಕೆ ಆಡು, ಮುಂದೆ ದೊಡ್ಡದು ಕೊಡುತ್ತೇವೆ ಅಂತ. ಅದು 2000ದಲ್ಲಿ ಬಯಲಾಯಿತು. ಲೀಗ್ 35 ಲಕ್ಷ ಡಾಲರ್ ದಂಡ ಹಾಕಿತು, ಜೊತೆಗೆ ಐದು ಮೊದಲ ಸುತ್ತಿನ ಪಿಕ್‌ಗಳನ್ನು ಕಿತ್ತುಕೊಂಡಿತು. ಆಮೇಲೆ ಎರಡನ್ನು ವಾಪಸ್ ಕೊಟ್ಟರೂ ಮೂರು ಹೋದವು. ದಂಡದ ದುಡ್ಡು ಯಾರಿಗೂ ನೆನಪಿಲ್ಲ. ಆ ಮೂರು ಪಿಕ್‌ಗಳು ಗಾರ್ನೆಟ್‌ನ ಅತ್ಯುತ್ತಮ ವರ್ಷಗಳನ್ನೇ ತಿಂದುಹಾಕಿದವು.

ತಂಡದ ಆಡಳಿತ ನೋಡಿಕೊಳ್ಳುತ್ತಿದ್ದವನು ಕೆವಿನ್ ಮಕ್‌ಹೇಲ್. ಬಾಸ್ಟನ್‌ನಲ್ಲಿ ಅದೇ ಕೆಲಸದಲ್ಲಿದ್ದವನು ಡ್ಯಾನಿ ಏಂಜ್. ಇಬ್ಬರೂ ಎಂಬತ್ತರ ದಶಕದಲ್ಲಿ ಬಾಸ್ಟನ್‌ಗೇ ಒಟ್ಟಿಗೆ ಆಡಿದವರು, 1984 ಮತ್ತು 1986ರಲ್ಲಿ ಒಟ್ಟಿಗೆ ಚಾಂಪಿಯನ್ ಆದವರು. ಹಳೇ ಗೆಳೆಯನಿಗೆ ಉಪಕಾರ ಮಾಡಿದ ಅಂತ ಮಕ್‌ಹೇಲ್‌ನ ಮೇಲೆ ಆಪಾದನೆ ಬಂದದ್ದು ಇದಕ್ಕೇ.

ಆದರೆ ಮಕ್‌ಹೇಲ್ ಮುಂದೆ ಇದ್ದ ದಾರಿಗಳೆಷ್ಟು? ನಾವು ದೂರ ಕೂತು ನೋಡುವಾಗ ಲೀಗಿನ ಯುವ ಫಾರ್ವರ್ಡ್‌ಗಳನ್ನೆಲ್ಲ ಸಾಲಾಗಿ ನಿಲ್ಲಿಸಿ "ಇವನನ್ನು ಕೇಳಬೇಕಿತ್ತು, ಅವನನ್ನು ಕೇಳಬೇಕಿತ್ತು" ಅನ್ನುತ್ತೇವೆ. ನಿಜದ ಸಂತೆ ಅಷ್ಟು ದೊಡ್ಡದಲ್ಲ. ಗಾರ್ನೆಟ್ 2008ರಲ್ಲಿ ಒಪ್ಪಂದದಿಂದ ಹೊರಬರಬಹುದಿತ್ತು. ಹಾಗಾಗಿ ಅವನು ಉಳಿಯುತ್ತೇನೆ ಅನ್ನದ ಹೊರತು ಯಾವ ತಂಡವೂ ಒಳ್ಳೆಯ ಹುಡುಗರನ್ನು ಕೊಡುವುದಿಲ್ಲ. ಬಾಸ್ಟನ್‌ಗೇ ಜೂನ್‌ನಲ್ಲಿ ಅವನು ಒಲ್ಲೆ ಅಂದಿದ್ದ. 24 ಪಂದ್ಯ ಗೆದ್ದು 58 ಸೋತ ತಂಡಕ್ಕೆ ಯಾರು ಹೋಗುತ್ತಾರೆ? ಆಮೇಲೆ ಬಾಸ್ಟನ್ ತನ್ನ ಐದನೇ ಪಿಕ್ ಮುಂತಾದವನ್ನು ಕೊಟ್ಟು ರೇ ಅಲೆನ್‌ನನ್ನು ತಂದಿತು. ಪಾಲ್ ಪಿಯರ್ಸ್ ಅಲ್ಲೇ ಇದ್ದ. ಆಗ ಗಾರ್ನೆಟ್ ಒಪ್ಪಿದ. ಲೇಕರ್ಸ್ ತಂಡ ಲಾಮಾರ್ ಓಡಮ್‌ನನ್ನು ಮುಂದಿಟ್ಟಿತ್ತು, ಫೀನಿಕ್ಸ್‌ನ ಶಾನ್ ಮೇರಿಯನ್ ಹೆಸರೂ ಓಡಾಡುತ್ತಿತ್ತು ಅಂತ ಆಗಿನ ಪತ್ರಿಕೆಗಳಲ್ಲಿ ಬಂದಿತ್ತು. ಇಬ್ಬರೂ ಒಳ್ಳೆಯ ಫಾರ್ವರ್ಡ್‌ಗಳೇ. ಆದರೆ ಒಬ್ಬನಿಗೆ 27, ಇನ್ನೊಬ್ಬನಿಗೆ 29. ಬುಡದಿಂದ ಕಟ್ಟುವ ತಂಡ ಮೇಲೇಳುವ ಹೊತ್ತಿಗೆ ಇವರು ಇಳಿಯುತ್ತಿರುತ್ತಾರೆ.

ಬಾಸ್ಟನ್ ಕೊಟ್ಟ ಐವರಲ್ಲಿ ಮೂವರು ಯುವ ಫಾರ್ವರ್ಡ್‌ಗಳು. ನನಗೆ ಈ ಕತೆಯಲ್ಲಿ ಅತ್ಯಂತ ಇಷ್ಟವಾದ ಭಾಗ ಇದೇ. ಮೂವರೂ ಮೂರು ಥರ.

ಆಲ್ ಜೆಫರ್ಸನ್, 22 ವರ್ಷ, ಮಿಸಿಸಿಪ್ಪಿಯ ಪ್ರೆಂಟಿಸ್ ಎಂಬ ಸಣ್ಣ ಊರಿನವನು. 2004ರಲ್ಲಿ ಹೈಸ್ಕೂಲಿನಿಂದ ನೇರ ಬಂದು 15ನೆಯವನಾಗಿ ಆಯ್ಕೆಯಾದ. ಹಿಂದಿನ ಸೀಸನ್‌ನಲ್ಲಿ ಪಂದ್ಯಕ್ಕೆ ಸರಾಸರಿ 16 ಅಂಕ, 11 ರೀಬೌಂಡ್. ಬುಟ್ಟಿಗೆ ಬೆನ್ನು ಹಾಕಿ ನಿಂತು, ಚೆಂಡು ಎಸೆದ ಹಾಗೆ ನಟಿಸಿ, ಎದುರಾಳಿ ಹಾರಿದ ಮೇಲೆ ಆರಾಮಾಗಿ ಎಸೆಯುತ್ತಿದ್ದ. ಹಳೇ ಕಾಲದ ಆಟ. ಮಕ್‌ಹೇಲ್ ತಾನು ಆಡುವ ದಿನಗಳಲ್ಲಿ ಇದೇ ವಿದ್ಯೆಯಲ್ಲಿ ಪ್ರಸಿದ್ಧನಾದವನು! (ಈ ಹುಡುಗನಲ್ಲಿ ತನ್ನನ್ನೇ ಕಂಡಿರಬೇಕು ಅಂತ ನನ್ನ ಊಹೆ. ನಮಗೆ ಬರುವ ಕೆಲಸವನ್ನೇ ಮಾಡುವ ಹುಡುಗರು ನಮಗೆ ಜಾಣರಾಗಿ ಕಾಣುವುದು ಎಲ್ಲ ಕಡೆಯೂ ಇದ್ದದ್ದೇ.) ರಕ್ಷಣೆಯಲ್ಲಿ ಮಾತ್ರ ನಿಧಾನ.

ಜೆರಾಲ್ಡ್ ಗ್ರೀನ್, 21 ವರ್ಷ, 2005ರಲ್ಲಿ 18ನೇ ಪಿಕ್, ಇವನೂ ಹೈಸ್ಕೂಲಿನಿಂದಲೇ. ಸ್ಮಾಲ್ ಫಾರ್ವರ್ಡ್. ಚಿಕ್ಕವನಿದ್ದಾಗ ಮನೆಯಲ್ಲಿ ಮಾಡಿಕೊಂಡ ಬುಟ್ಟಿಯ ಮೊಳೆಗೆ ಉಂಗುರ ಸಿಕ್ಕಿ ಬಲಗೈ ಬೆರಳು ತುಂಡಾಗಿತ್ತು. ಹಾಗಿದ್ದೂ 2007ರಲ್ಲಿ ಲೀಗಿನ ಡಂಕ್ ಸ್ಪರ್ಧೆ ಗೆದ್ದ. ಸುಮ್ಮನೆ ನೋಡಿದರೆ ಮೂವರಲ್ಲಿ ಎಲ್ಲರ ಕಣ್ಣೂ ಇವನ ಮೇಲೇ ಬೀಳಬೇಕು, ಅಂಥ ಜಿಗಿತ.

ರಯಾನ್ ಗೋಮ್ಸ್, 24 ವರ್ಷ, ಕಾಲೇಜು ಪೂರ್ತಿ ಮುಗಿಸಿ ಬಂದವನು, 2005ರಲ್ಲಿ 50ನೇ ಪಿಕ್. ಅಂದರೆ ಹೆಚ್ಚುಕಡಿಮೆ ಯಾರಿಗೂ ಬೇಡವಾದವನು. ಎತ್ತರ ಸಾಲದು, ಜಿಗಿತ ಸಾಲದು. ಹೇಳಿದ ಕಡೆ ನಿಲ್ಲುತ್ತಾನೆ, ಹೇಳಿದ್ದು ಮಾಡುತ್ತಾನೆ.

ಏನಾಯಿತು? ಗ್ರೀನ್ 2008ರ ಡಂಕ್ ಸ್ಪರ್ಧೆಯಲ್ಲಿ ಬುಟ್ಟಿಯ ರಿಮ್ ಹಿಂದೆ ಒಂದು ಕಪ್‌ಕೇಕ್ ಇಡಿಸಿ, ಹಾರಿ, ಅದರ ಮೇಲಿನ ಮೋಂಬತ್ತಿಯನ್ನು ಊದಿ ಆರಿಸಿ ಡಂಕ್ ಮಾಡಿದ. ಇಡೀ ಅಮೆರಿಕ ನೋಡಿ ಚಪ್ಪಾಳೆ ಹೊಡೆಯಿತು. ಒಂದು ವಾರದೊಳಗೆ ಮಿನ್ನೆಸೋಟ ಅವನನ್ನು ಹ್ಯೂಸ್ಟನ್‌ಗೆ ಸಾಗಹಾಕಿತು, ಪಂದ್ಯದಲ್ಲಿ ಆಡಿಸುವುದಕ್ಕೇ ಕೋಚ್‌ಗೆ ಧೈರ್ಯವಿರಲಿಲ್ಲ. ಅವನು ಆಮೇಲೆ ರಷ್ಯಾ, ಚೀನಾ ಸುತ್ತಿ, 2012ರಲ್ಲಿ ಎನ್‌ಬಿಎಗೆ ಮರಳಿ, ಬಹಳ ವರ್ಷ ಚೆನ್ನಾಗಿಯೇ ಆಡಿದ. ಬೇರೆಯವರಿಗೆ! ಗೋಮ್ಸ್ ಮೂರು ವರ್ಷ ಮಿನ್ನೆಸೋಟದಲ್ಲಿ ದುಡಿದ. 50ನೇ ಪಿಕ್‌ನಿಂದ ಅದಕ್ಕಿಂತ ಹೆಚ್ಚು ಕೇಳುವುದು ಅನ್ಯಾಯ.

ಇನ್ನು ಜೆಫರ್ಸನ್. ಮೊದಲ ವರ್ಷವೇ 21 ಅಂಕ, 11 ರೀಬೌಂಡ್. ತಂಡ ಅವನಿಗೆ ಐದು ವರ್ಷಕ್ಕೆ 6.5 ಕೋಟಿ ಡಾಲರ್ ಕೊಟ್ಟಿತು. ಎರಡನೇ ವರ್ಷ 23 ಅಂಕ. 24 ವರ್ಷದ ಹುಡುಗ. ಅಂದರೆ ಮಕ್‌ಹೇಲ್ ಇವನಲ್ಲಿ ಏನು ಕಂಡಿದ್ದನೋ ಅದೆಲ್ಲ ಅಕ್ಷರಶಃ ನಿಜವಾಯಿತು. ಮೂರು ಮೊಳಕೆಗಳಲ್ಲಿ ಯಾವುದು ಮರವಾಗುತ್ತದೆ ಅಂತ ಅವನು ಸರಿಯಾಗಿಯೇ ಗುರುತಿಸಿದ್ದ. 2009ರ ಫೆಬ್ರವರಿಯಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಆಡುವಾಗ ಜೆಫರ್ಸನ್‌ನ ಬಲ ಮೊಣಕಾಲಿನ ಲಿಗಮೆಂಟ್ ಹರಿಯಿತು. ಅಲ್ಲಿಗೆ ಆ ವರ್ಷ ಮುಗಿಯಿತು.

ಗಾಯವನ್ನು ಯಾರೂ ಮೊದಲೇ ಲೆಕ್ಕ ಹಾಕಲಾಗುವುದಿಲ್ಲ, ಬಿಡಿ. ಆದರೆ ಅಷ್ಟರಲ್ಲಿ ತಂಡವೇ ಮಾಡಿಕೊಂಡ ಒಂದು ಎಡವಟ್ಟಿತ್ತು. 2008ರ ಡ್ರಾಫ್ಟ್‌ನಲ್ಲಿ ಮೂರನೇ ಪಿಕ್ ಆಗಿ ಓ.ಜೆ. ಮೇಯೊನನ್ನು ಆರಿಸಿ, ಅಂದೇ ಮೆಂಫಿಸ್‌ಗೆ ಕೊಟ್ಟು, ಕೆವಿನ್ ಲವ್‌ನನ್ನು ತಂದಿದ್ದರು. ಲವ್ ಅದ್ಭುತ ಆಟಗಾರ, ಅನುಮಾನವೇ ಇಲ್ಲ. 2010ರ ನವೆಂಬರ್‌ನಲ್ಲಿ ಒಂದೇ ಪಂದ್ಯದಲ್ಲಿ 31 ಅಂಕ, 31 ರೀಬೌಂಡ್ ಮಾಡಿದವನು. ಆದರೆ ಅವನೂ ಪವರ್ ಫಾರ್ವರ್ಡ್, ಅವನಿಗೂ ರಕ್ಷಣೆ ಅಷ್ಟಕ್ಕಷ್ಟೆ. ಬುಟ್ಟಿಯ ಕೆಳಗೆ ಇಬ್ಬರು ಅಂಕ ಗಳಿಸುವವರು, ಎದುರಾಳಿಯನ್ನು ತಡೆಯುವವರು ಯಾರೂ ಇಲ್ಲ. 2009-10ರಲ್ಲಿ 15 ಗೆಲುವು, 67 ಸೋಲು. ಆ ಹೊತ್ತಿಗೆ ಮಕ್‌ಹೇಲ್ ಹೋಗಿ ಡೇವಿಡ್ ಕಾನ್ ಎಂಬಾತ ಆಡಳಿತಕ್ಕೆ ಬಂದಿದ್ದ. 2010ರ ಜುಲೈನಲ್ಲಿ ಅವನು ಜೆಫರ್ಸನ್‌ನನ್ನು ಯೂಟಾಗೆ ಕೊಟ್ಟ. ಬದಲಿಗೆ ಬಂದದ್ದು ಕೋಸ್ಟಾ ಕೂಫಾಸ್ ಎಂಬ ಸೆಂಟರ್ ಮತ್ತು ಎರಡು ಪಿಕ್.

ಗಾರ್ನೆಟ್‌ಗೆ ಪ್ರತಿಯಾಗಿ ಬಂದ ಮರ ಹೀಗೆ ಫಲ ಬಿಡುವ ಹೊತ್ತಿಗೆ ಹಿತ್ತಿಲಿನಿಂದಲೇ ಆಚೆ ಹೋಯಿತು. 2014ರಲ್ಲಿ ಜೆಫರ್ಸನ್ ಶಾರ್ಲಟ್ ತಂಡದಲ್ಲಿ ಆಡುತ್ತ ಲೀಗಿನ ಅತ್ಯುತ್ತಮ ಹದಿನೈದು ಜನರಲ್ಲಿ ಒಬ್ಬನಾದ. ಆಯ್ಕೆ ತಪ್ಪಾಗಿತ್ತು ಅಂತ ಹೇಗೆ ಹೇಳೋಣ?

ಕಾನ್ ಕಾಲದಲ್ಲಿ ಫಾರ್ವರ್ಡ್‌ಗಳ ಮೆರವಣಿಗೆಯೇ ನಡೆಯಿತು. ಜೆಫರ್ಸನ್ ಹೋದ ತಿಂಗಳಲ್ಲೇ ಮಯಾಮಿಯಿಂದ ಮೈಕಲ್ ಬೀಸ್ಲಿ ಬಂದ. 2008ರ ಎರಡನೇ ಪಿಕ್, ಕೆಳ ಸುತ್ತಿನ ಪಿಕ್‌ಗಳಿಗೇ ಸಿಕ್ಕಿದ. ಅದೇ ವರ್ಷದ ಡ್ರಾಫ್ಟ್‌ನಲ್ಲಿ ನಾಲ್ಕನೆಯವನಾಗಿ ವೆಸ್ಲಿ ಜಾನ್ಸನ್, ಹತ್ತನೆಯವನಾಗಿ ಇಂಡಿಯಾನಾ ಪಾಲಾದವನು ಪಾಲ್ ಜಾರ್ಜ್. 2011ರಲ್ಲಿ ಎರಡನೆಯವನಾಗಿ ಡೆರಿಕ್ ವಿಲಿಯಮ್ಸ್, ಹದಿನೈದನೆಯವನಾಗಿ ಆಯ್ಕೆಯಾದವನು ಕವಾಯಿ ಲೆನರ್ಡ್. ಇದನ್ನೆಲ್ಲ ಈಗ ಬರೆಯುವುದು ಸುಲಭ. ಆಗ ಮಿನ್ನೆಸೋಟದ ಹಾಗೇ ಬೇರೆ ತಂಡಗಳೂ ಅವರನ್ನು ದಾಟಿ ಹೋಗಿದ್ದವು. (ವಿಲಿಯಮ್ಸ್ ಹೆಸರು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.)

ಸರಿ, ಎರಡನೇ ವ್ಯಾಪಾರ. 2012ರ ಜನವರಿಯಲ್ಲಿ ಲವ್ ಐದು ವರ್ಷದ ಒಪ್ಪಂದ ಕೇಳಿದ್ದ. ತಂಡ ನಾಲ್ಕು ವರ್ಷ ಕೊಟ್ಟಿತು, ಮೂರು ವರ್ಷಕ್ಕೆ ಹೊರಬರುವ ಅವಕಾಶದೊಂದಿಗೆ. ಒಂದು ವರ್ಷದ ಜಿಪುಣತನ! ಆ ಬಾಗಿಲು 2015ಕ್ಕೆ ತೆರೆಯುವುದಿತ್ತು. 2013-14ರಲ್ಲಿ ಲವ್ 26 ಅಂಕ, 12.5 ರೀಬೌಂಡ್ ಮಾಡಿದರೂ ತಂಡ ಪ್ಲೇಆಫ್ ಮುಟ್ಟಲಿಲ್ಲ. ಅವನು ಹೋಗುವುದು ಖಚಿತವಾಯಿತು. ಆಗ ಆಡಳಿತದಲ್ಲಿದ್ದವನು ಫ್ಲಿಪ್ ಸಾಂಡರ್ಸ್, ಗಾರ್ನೆಟ್‌ನ ಹಳೆಯ ಕೋಚ್.

ಗೋಲ್ಡನ್ ಸ್ಟೇಟ್ ಕ್ಲೇ ಥಾಂಪ್ಸನ್‌ನನ್ನು ಕೊಡಲು ಒಪ್ಪಲಿಲ್ಲ ಅಂತ ಸುದ್ದಿಯಾಯಿತು. ಅಷ್ಟರಲ್ಲಿ ಲೆಬ್ರಾನ್ ಜೇಮ್ಸ್ ಕ್ಲೀವ್‌ಲ್ಯಾಂಡ್‌ಗೆ ಮರಳುವುದಾಗಿ ಜುಲೈ 11ರಂದು ಒಂದು ಪತ್ರ ಪ್ರಕಟಿಸಿದ. ಅದರಲ್ಲಿ ತಂಡದ ಹಲವರ ಹೆಸರಿತ್ತು. ಆ ವರ್ಷದ ಮೊದಲ ಪಿಕ್ ಆಂಡ್ರ್ಯೂ ವಿಗಿನ್ಸ್ ಹೆಸರಿರಲಿಲ್ಲ. ಹಿಂದಿನ ವರ್ಷದ ಮೊದಲ ಪಿಕ್ ಆಂಥೊನಿ ಬೆನೆಟ್ ಹೆಸರೂ ಇರಲಿಲ್ಲ. ಅರ್ಥ ಆಗಬೇಕಾದವರಿಗೆ ಅರ್ಥ ಆಯಿತು. ಹೊಸ ಹುಡುಗ ಸಹಿ ಹಾಕಿದ ಮೇಲೆ 30 ದಿನ ಅವನನ್ನು ಟ್ರೇಡ್ ಮಾಡುವಂತಿಲ್ಲ. ವಿಗಿನ್ಸ್ ಸಹಿ ಹಾಕಿದ್ದು ಜುಲೈ 24ರಂದು. ಆಗಸ್ಟ್ 23ಕ್ಕೆ ವ್ಯಾಪಾರ ಮುಗಿಯಿತು. ಒಂದು ದಿನವೂ ತಡ ಮಾಡಲಿಲ್ಲ.

ಇಲ್ಲೂ ಮೂವರು ಫಾರ್ವರ್ಡ್‌ಗಳು ಬಂದರು. 19ರ ವಿಗಿನ್ಸ್, 21ರ ಬೆನೆಟ್, ಫಿಲಡೆಲ್ಫಿಯಾದಿಂದ 26ರ ಥ್ಯಾಡಿಯಸ್ ಯಂಗ್. ಬೆನೆಟ್ ಮೊದಲ ವರ್ಷ ಕ್ಲೀವ್‌ಲ್ಯಾಂಡ್‌ನಲ್ಲಿ ಸರಾಸರಿ 4 ಅಂಕ ಗಳಿಸಿದ್ದವನು, ಮಿನ್ನೆಸೋಟ ಒಂದೇ ವರ್ಷಕ್ಕೆ ಕೈಬಿಟ್ಟಿತು.

ಆದರೆ ವಿಗಿನ್ಸ್! ಕೆನಡಾದ ಹುಡುಗ. ಅಪ್ಪ ಮಿಚೆಲ್ ವಿಗಿನ್ಸ್ ಎನ್‌ಬಿಎ ಆಟಗಾರ. ಅಮ್ಮ ಮರೀಟಾ ಪೇನ್ ಓಟಗಾರ್ತಿ, 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ರಿಲೇಯಲ್ಲಿ ಎರಡು ಬೆಳ್ಳಿ ಪದಕ ಗೆದ್ದವರು. ನಿಗದಿ ಸಂಬಳದ ನಾಲ್ಕು ವರ್ಷವೂ ಬಾಕಿ. ಜೆಫರ್ಸನ್ ಬಂದಾಗ ಅವನಿಗೆ ಒಂದೇ ವರ್ಷ ಉಳಿದಿತ್ತು. ಹಾಗಾಗಿ ಕಾಗದದ ಮೇಲೆ ಇಬ್ಬರನ್ನೂ ತೂಗಿದರೆ ವಿಗಿನ್ಸ್ ತಟ್ಟೆಯೇ ಕೆಳಗೆ ಹೋಗಬೇಕು. ಮೊದಲ ವರ್ಷವೇ 17 ಅಂಕ ಗಳಿಸಿ ವರ್ಷದ ಹೊಸ ಆಟಗಾರ ಪ್ರಶಸ್ತಿ ಪಡೆದ. ಮೂರನೇ ವರ್ಷಕ್ಕೆ 23.6 ಅಂಕ. 2017ರಲ್ಲಿ ಐದು ವರ್ಷಕ್ಕೆ ಸುಮಾರು 14.7 ಕೋಟಿ ಡಾಲರ್.

ಅಲ್ಲಿಗೆ ನಿಂತ. ಅಂಕ ಇಳಿಯತೊಡಗಿತು. ಆಸಕ್ತಿಯಿಲ್ಲದವನು, ಉದಾಸೀನದವನು ಅಂತ ಅಭಿಮಾನಿಗಳು ಬೈಯತೊಡಗಿದರು. 2018ರಲ್ಲಿ ತಂಡ 14 ವರ್ಷದ ನಂತರ ಪ್ಲೇಆಫ್ ಸೇರಿದ್ದು ಹೌದು, ಆದರೆ ಅದಕ್ಕೆ ಜಿಮ್ಮಿ ಬಟ್ಲರ್ ಬರಬೇಕಾಯಿತು. 2020ರ ಫೆಬ್ರವರಿಯಲ್ಲಿ ವಿಗಿನ್ಸ್‌ನನ್ನು ಗೋಲ್ಡನ್ ಸ್ಟೇಟ್‌ಗೆ ಕಳಿಸಿ ಡಿಏಂಜಲೊ ರಸೆಲ್‌ನನ್ನು ತರಿಸಿಕೊಂಡರು. ಅದಕ್ಕೂ ವಿಗಿನ್ಸ್ ಸಾಲದೆ ಮೇಲೊಂದು ಮೊದಲ ಸುತ್ತಿನ ಪಿಕ್ ಸೇರಿಸಿ ಕೊಡಬೇಕಾಯಿತು.

ಅಲ್ಲಿ ಹೋದ ವಿಗಿನ್ಸ್ ಏನು ಮಾಡಿದ? ಸ್ಟೀಫನ್ ಕರಿ, ಕ್ಲೇ ಥಾಂಪ್ಸನ್, ಡ್ರೇಮಂಡ್ ಗ್ರೀನ್ ಇರುವ ತಂಡದಲ್ಲಿ ಅವನು ಮುಂದಾಳಾಗಬೇಕಿರಲಿಲ್ಲ. ಎದುರು ತಂಡದ ಅತ್ಯುತ್ತಮ ಆಟಗಾರನನ್ನು ತಡೆಯುವುದು, ಸಿಕ್ಕ ಚೆಂಡನ್ನು ಎಸೆಯುವುದು, ರೀಬೌಂಡಿಗೆ ಹಾರುವುದು. 2022ರ ಫೈನಲ್‌ನ ಐದನೇ ಪಂದ್ಯದಲ್ಲಿ 26 ಅಂಕ, 13 ರೀಬೌಂಡ್. ಎದುರಾಳಿ ಬಾಸ್ಟನ್ ಸೆಲ್ಟಿಕ್ಸ್! ಮುಂದಿನ ಪಂದ್ಯದಲ್ಲಿ ಚಾಂಪಿಯನ್. ಅದೇ ಕಾಲು, ಅದೇ ಕೈ, ಅದೇ ಉದಾಸೀನದ ಮುಖ.

ಮಿನ್ನೆಸೋಟದವರು ಎರಡು ಸಲವೂ ಕೇಳಿದ ಪ್ರಶ್ನೆ ಒಂದೇ: ಈ ಹುಡುಗರಲ್ಲಿ ಹೋದವನ ಜಾಗ ತುಂಬುವವನು ಯಾರು? ಜೆಫರ್ಸನ್ ಗಾರ್ನೆಟ್ ಆಗಬೇಕಿತ್ತು, ವಿಗಿನ್ಸ್ ಲವ್‌ಗಿಂತ ದೊಡ್ಡವನಾಗಬೇಕಿತ್ತು. ಇವನ ಪಕ್ಕದಲ್ಲಿ ಯಾರು ನಿಲ್ಲುತ್ತಾರೆ ಅನ್ನುವ ಪ್ರಶ್ನೆ ಆಮೇಲೆ ಬಂತು, ಇಲ್ಲವೇ ಬರಲೇ ಇಲ್ಲ. ಜೆಫರ್ಸನ್ ಪಕ್ಕ ಒಬ್ಬ ಗಟ್ಟಿ ರಕ್ಷಕನನ್ನು ನಿಲ್ಲಿಸಿದ್ದರೆ ಏನಾಗುತ್ತಿತ್ತೋ. ನನ್ನ ಮಟ್ಟಿಗೆ 2007ರ ವ್ಯಾಪಾರದಲ್ಲಿ ಬಂದ ಹುಡುಗ ಕೊಟ್ಟ ಮಾತು ಉಳಿಸಿಕೊಂಡ, ತಂಡ ಉಳಿಸಿಕೊಳ್ಳಲಿಲ್ಲ. 2014ರಲ್ಲಿ ಬಂದ ಹುಡುಗನಿಗೆ ಅವನದಲ್ಲದ ಕೆಲಸ ಕೊಟ್ಟು ಐದೂವರೆ ವರ್ಷ ಕಾದರು. ಯಾವುದು ದೊಡ್ಡ ನಷ್ಟ ಅನ್ನುವುದರಲ್ಲಿ ಭಿನ್ನಾಭಿಪ್ರಾಯ ಇರಬಹುದು. ಕ್ಲೀವ್‌ಲ್ಯಾಂಡ್‌ನವರಂತೂ 2016ರಲ್ಲಿ ಲವ್ ಜೊತೆ ಕಪ್ ಗೆದ್ದು ಲೆಕ್ಕ ಚುಕ್ತಾ ಮಾಡಿಕೊಂಡರು.

ಆ ವಿಲಿಯಮ್ಸ್ ವಿಷಯ ಬಾಕಿ ಇದೆಯಲ್ಲ? 2011ರ ಎರಡನೇ ಪಿಕ್ ಆದ ಅವನನ್ನು 2013ರ ನವೆಂಬರ್‌ನಲ್ಲಿ ಸ್ಯಾಕ್ರಮೆಂಟೊಗೆ ಕೊಟ್ಟು ಲೂಕ್ ಎಂಬಾ ಎ ಮೂಟೆ ಎಂಬ ಫಾರ್ವರ್ಡ್‌ನನ್ನು ತಂದರು. ಅವನನ್ನೂ ಇನ್ನೊಬ್ಬನನ್ನೂ 2014ರ ವ್ಯಾಪಾರದಲ್ಲಿ ಫಿಲಡೆಲ್ಫಿಯಾಗೆ ಕಳಿಸಿದಾಗ ಬಂದವನು ಥ್ಯಾಡಿಯಸ್ ಯಂಗ್. ಕ್ಲೀವ್‌ಲ್ಯಾಂಡ್ ಬಳಿಯಿದ್ದ ಮಯಾಮಿಯ ಮೊದಲ ಸುತ್ತಿನ ಪಿಕ್ ಕೂಡ ಅದಕ್ಕೇ ಫಿಲಡೆಲ್ಫಿಯಾ ಪಾಲಾಯಿತು. ಯಂಗ್ ಮಿನ್ನೆಸೋಟದಲ್ಲಿ ಆರು ತಿಂಗಳೂ ಇರಲಿಲ್ಲ. 2015ರ ಫೆಬ್ರವರಿಯಲ್ಲಿ ಸಾಂಡರ್ಸ್ ಅವನನ್ನು ಬ್ರೂಕ್ಲಿನ್‌ಗೆ ಕೊಟ್ಟು ಒಬ್ಬ ಹಳೆಯ ಫಾರ್ವರ್ಡ್‌ನನ್ನು ತರಿಸಿಕೊಂಡ. ವಯಸ್ಸು 38, ಮೊಣಕಾಲು ಸವೆದಿತ್ತು, ಆ ಸೀಸನ್‌ನಲ್ಲಿ ಮಿನ್ನೆಸೋಟಕ್ಕೆ ಆಡಿದ್ದು ಐದೇ ಪಂದ್ಯ. ಹೆಸರು ಕೆವಿನ್ ಗಾರ್ನೆಟ್. ಅವನು ಮೊದಲ ದಿನ ಟಾರ್ಗೆಟ್ ಸೆಂಟರ್ ಅಂಗಳಕ್ಕಿಳಿದಾಗ ಜನ ಎದ್ದು ನಿಂತು ಕಿವಿಗಡಚಿಕ್ಕುವ ಹಾಗೆ ಕೂಗಿದರು.